ಕೆಲಸ ಸಾಕಾಗಿದೆ, ಬಿಟ್ಟು ಹೊಸ ವೃತ್ತಿ ಹಿಡಿಯಬೇಕಾ? ತೀರ್ಮಾನಕ್ಕೆ ಬರುವ ಬಗೆ, ಹೆಜ್ಜೆ ಹೆಜ್ಜೆಯಾಗಿ

ಭಾನುವಾರ ಸಂಜೆಯಾದರೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ ಆಗುತ್ತದೆ. ಸೋಮವಾರ ಬೆಳಿಗ್ಗೆ ಅಲಾರಂ ಹೊಡೆಯುವ ಮೊದಲೇ ಎಚ್ಚರ. ಇವತ್ತು ಜ್ವರವಾದರೂ ಬರಬಾರದಾ ಅನ್ನಿಸುತ್ತದೆ. ಇಷ್ಟು ಓದಿದಾಗ "ಇದು ನನ್ನದೇ ಕಥೆ" ಅನ್ನಿಸಿದರೆ ಈ ಬರಹ ನಿಮಗೇ.

ನಾನು ಹನ್ನೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಇದ್ದೆ. ಕೊನೆಯ ಮೂರು ವರ್ಷ ಹೀಗೇ ಕಳೆದವು. ರಾಜೀನಾಮೆ ಪತ್ರ ಬರೆದು ಇಟ್ಟುಕೊಂಡಿದ್ದೆ. ತಿಂಗಳಿಗೊಂದು ಸಲ ತೆಗೆದು ಓದುವುದು, ಮತ್ತೆ ಮುಚ್ಚಿಡುವುದು. ಕಳಿಸಲು ಧೈರ್ಯ ಇಲ್ಲ, ಅಳಿಸಿಹಾಕಲು ಮನಸ್ಸಿಲ್ಲ.

ಆಗ ನನಗೆ ಹೊಳೆಯದೇ ಇದ್ದ ವಿಷಯ ಒಂದೇ. ಇಲ್ಲಿ ಇರುವುದು ಎರಡು ಪ್ರಶ್ನೆ. ಈ ಕೆಲಸ ಬಿಡಬೇಕಾ ಅನ್ನುವುದು ಒಂದು. ಬಿಟ್ಟು ಎಲ್ಲಿಗೆ ಹೋಗಬೇಕು ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಗಂಟು ಹಾಕಿಕೊಂಡು ಕೂತಿದ್ದೆ. ಹಾಗೆ ಕೂತರೆ ಮೊದಲನೆಯದಕ್ಕೆ ಸಿಟ್ಟು ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಕನಸು ಉತ್ತರ ಕೊಡುತ್ತದೆ. ಎರಡೂ ಅವಸರದ ಉತ್ತರಗಳೇ. ಕೆಳಗಿನ ಹೆಜ್ಜೆಗಳು ಈ ಗಂಟನ್ನು ಬಿಚ್ಚುವುದಕ್ಕೆ. ಎಲ್ಲಾ ಮುಗಿಯಲು ನಾಲ್ಕೈದು ತಿಂಗಳು ಬೇಕು. ಮೂರು ವರ್ಷ ಒದ್ದಾಡುವುದಕ್ಕಿಂತ ಇದು ಕಡಿಮೆ.

ಮೊದಲೇ ಒಂದು ಮಾತು. ಕೆಲಸದ ಜಾಗದಲ್ಲಿ ನಿಮಗೆ ಕಿರುಕುಳ ಆಗುತ್ತಿದ್ದರೆ, ಜೀವಕ್ಕೆ ಅಪಾಯ ಇದ್ದರೆ, ಕಾನೂನಿಗೆ ವಿರುದ್ಧವಾದದ್ದನ್ನು ಮಾಡಿಸುತ್ತಿದ್ದರೆ ಈ ಹೆಜ್ಜೆಗಳನ್ನೆಲ್ಲಾ ಬಿಟ್ಟುಬಿಡಿ. ಆದದ್ದನ್ನು ತಾರೀಖು ಸಮೇತ ಬರೆದಿಟ್ಟುಕೊಳ್ಳಿ, ನಂಬುವವರಿಗೆ ಹೇಳಿ, ಹೊರಗೆ ಬರುವ ದಾರಿ ನೋಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಇವತ್ತೇ ಒಬ್ಬ ವೈದ್ಯರ ಹತ್ತಿರ ಮಾತಾಡಿ. ಕೆಲಸದ ಪ್ರಶ್ನೆ ಕಾಯುತ್ತದೆ.

ಹೆಜ್ಜೆ 1: ಮೂರು ವಾರ ಬರೆದಿಡಿ

"ನನಗೆ ಈ ಕೆಲಸ ಕಂಡರೆ ಆಗಲ್ಲ" ಅನ್ನುವುದು ಪೂರ್ತಿ ಮಾತಲ್ಲ. ಯಾವುದು ಆಗಲ್ಲ? ಅದು ಗೊತ್ತಾಗಬೇಕು. ನೆನಪನ್ನು ನಂಬಬೇಡಿ. ನೆನಪು ಜಾಸ್ತಿ ನೋವಾದ ದಿನವನ್ನೇ ಎತ್ತಿ ತೋರಿಸುತ್ತದೆ.

ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ. ಆಫೀಸಿನ ಕಂಪ್ಯೂಟರಿನಲ್ಲಿ ಬರೆಯಬೇಡಿ. ಮನಸ್ಸು ಕುಸಿದಾಗ ಮತ್ತು ಮನಸ್ಸು ಅರಳಿದಾಗ, ಎರಡು ಸಲವೂ ಬರೆಯಿರಿ. ಸಮಯ, ಏನಾಯಿತು, ಹೇಗನ್ನಿಸಿತು. ಎರಡು ಸಾಲು ಸಾಕು. ನನ್ನ ಪುಸ್ತಕದಿಂದ ಮೂರು ನಮೂನೆ:

"ಸೋಮವಾರ, 10:20. ವರದಿಯನ್ನು ಮೂರನೇ ಸಲ ಬದಲಾಯಿಸಲು ಹೇಳಿದರು. ಯಾಕೆ ಅಂತ ಹೇಳಲಿಲ್ಲ. ಕೈ ನಡುಗುತ್ತಿತ್ತು."

"ಬುಧವಾರ, 3:00. ಹೊಸದಾಗಿ ಸೇರಿದ ಹುಡುಗಿಗೆ ಲೆಕ್ಕ ತಾಳೆ ನೋಡುವುದು ಹೇಗೆ ಅಂತ ತೋರಿಸಿದೆ. ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗಲಿಲ್ಲ."

"ಶುಕ್ರವಾರ, 7:40. ಕೆಲಸ ಮುಗಿದು ಒಂದು ಗಂಟೆಯಾಯಿತು. ಸಾಹೇಬರು ಏಳುವ ತನಕ ಯಾರೂ ಏಳುವ ಹಾಗಿಲ್ಲ."

ಮೂರು ವಾರ ಮುಗಿದ ಮೇಲೆ ಕೆಟ್ಟ ಗಳಿಗೆಗಳನ್ನು ನಾಲ್ಕು ಗುಂಪು ಮಾಡಿ. ಒಂದು, ಕೆಲಸವೇ: ದಿನವಿಡೀ ಕೈಯಲ್ಲಿ ಮಾಡುವ ಕೆಲಸ. ಎರಡು, ಜನ: ಮೇಲಿನವರು, ಜೊತೆಯವರು, ಗಿರಾಕಿಗಳು. ಮೂರು, ವ್ಯವಸ್ಥೆ: ಸಂಬಳ, ಸಮಯ, ಓಡಾಟ, ನಿಯಮ. ನಾಲ್ಕು, ನಾನು: ನಿದ್ದೆ ಇಲ್ಲ, ಮೈ ಸರಿಯಿಲ್ಲ, ಮನೆಯ ಚಿಂತೆ.

ನನ್ನ ಪುಸ್ತಕದಲ್ಲಿ 31 ಕೆಟ್ಟ ಗಳಿಗೆಗಳಿದ್ದವು. ಕೆಲಸದ್ದು 6, ಜನರದ್ದು 14, ವ್ಯವಸ್ಥೆಯದ್ದು 8, ನನ್ನದು 3. ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹನ್ನೊಂದು ವರ್ಷ "ಲೆಕ್ಕ ನನಗೆ ಹಿಡಿಸಲ್ಲ" ಅಂತಲೇ ಹೇಳಿಕೊಂಡು ಬಂದಿದ್ದೆ. ಲೆಕ್ಕದ ಮೇಲೆ ನನಗೆ ಅಷ್ಟೇನೂ ಸಿಟ್ಟು ಇರಲಿಲ್ಲ. ಒಳ್ಳೆಯ ಗಳಿಗೆಗಳು ಬರೀ 9. ಅದರಲ್ಲಿ 7 ಯಾರಿಗೋ ಏನನ್ನೋ ಹೇಳಿಕೊಟ್ಟದ್ದು.

ಈ ಎಣಿಕೆಯಿಂದ ದಾರಿ ತಿಳಿಯುತ್ತದೆ. ಮೊದಲನೇ ಗುಂಪು ದೊಡ್ಡದಾಗಿದ್ದರೆ ವೃತ್ತಿ ಬದಲಿಸುವ ಮಾತು ಗಟ್ಟಿ. ಎರಡು ಮತ್ತು ಮೂರು ದೊಡ್ಡದಾಗಿದ್ದರೆ ಬಹುಶಃ ಜಾಗ ಬದಲಿಸಿದರೆ ಸಾಕು. ನಾಲ್ಕನೆಯದು ದೊಡ್ಡದಾಗಿದ್ದರೆ ಯಾವ ಕೆಲಸಕ್ಕೆ ಹೋದರೂ ಅದು ಜೊತೆಗೇ ಬರುತ್ತದೆ.

ಒಳ್ಳೆಯ ಗಳಿಗೆಗಳನ್ನೂ ಯಾಕೆ ಬರೆಯಬೇಕು? ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಒಂದು ವಿಷಯ ಮುಂದಿಟ್ಟರು. ಬೇಸರ ತರುವ ಸಂಗತಿಗಳು ಬೇರೆ, ಖುಷಿ ಕೊಡುವ ಸಂಗತಿಗಳು ಬೇರೆ. ಸಂಬಳ, ಮೇಲ್ವಿಚಾರಣೆ, ಕಂಪನಿಯ ನಿಯಮ ಕೆಟ್ಟರೆ ಬೇಸರ. ಅವು ಸರಿಹೋದರೆ ಬೇಸರ ಹೋಗುತ್ತದೆ, ಅಷ್ಟೇ. ಖುಷಿ ಬರುವುದು ಕೆಲಸದಿಂದಲೇ: ಏನನ್ನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು. ಇದನ್ನು ಆಮೇಲೆ ಪ್ರಶ್ನಿಸಿದವರೂ ಇದ್ದಾರೆ. ಆದರೆ ನನ್ನ ಪುಸ್ತಕಕ್ಕೆ ಅದು ಹಾಗೇ ಹೊಂದಿತು. ಹೊಸ ಕೆಲಸ ಹುಡುಕುವಾಗ ಕೆಟ್ಟ ಪಟ್ಟಿ ಯಾವುದರಿಂದ ದೂರ ಇರಬೇಕು ಅಂತ ಹೇಳಿತು. ಯಾವ ಕಡೆ ಹೋಗಬೇಕು ಅಂತ ಹೇಳಿದ್ದು ಒಳ್ಳೆಯ ಪಟ್ಟಿಯೇ.

ಹೆಜ್ಜೆ 2: ಇದು ಸುಸ್ತಾ, ಬೇಡವಾದದ್ದಾ?

ಸುಸ್ತಾದ ಮನುಷ್ಯನಿಗೆ ಎಲ್ಲಾ ಕೆಲಸವೂ ಕೆಟ್ಟದ್ದಾಗಿ ಕಾಣುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ವಿವರಿಸಿತು. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಕರೆಯಿತು. ಮೂರು ಗುರುತು ಹೇಳಿತು: ಶಕ್ತಿಯೆಲ್ಲಾ ಬಸಿದುಹೋದ ಹಾಗಿರುವುದು, ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರ ಬಗ್ಗೆ ಕಹಿಯಾಗುವುದು, ಕೈಯಿಂದ ಆಗುವ ಕೆಲಸ ಕುಗ್ಗುವುದು.

ಪರೀಕ್ಷೆ ಮಾಡಲು ಎರಡು ವಾರ ರಜೆ ಹಾಕಿ. ಫೋನಿನಿಂದ ಆಫೀಸಿನ ಮೇಲ್ ತೆಗೆದುಬಿಡಿ. ಮೊದಲ ವಾರ ಬರೀ ನಿದ್ದೆ ಬರಬಹುದು, ಅದು ಸಹಜ. ಎರಡನೇ ವಾರದ ಕೊನೆಗೆ ಕೆಲಸದ ಒಂದು ಭಾಗವಾದರೂ "ಮಾಡಬಹುದು" ಅನ್ನಿಸಿದರೆ ನಿಮ್ಮದು ಹೆಚ್ಚಾಗಿ ಸುಸ್ತು. ಚೆನ್ನಾಗಿ ನಿದ್ದೆ ಮಾಡಿ, ಮನಸ್ಸು ತಿಳಿಯಾದ ಮೇಲೂ "ಆ ಕುರ್ಚಿ ಬೇಡ" ಅನ್ನಿಸಿದರೆ ಆ ಮಾತಿಗೆ ತೂಕ ಇದೆ.

ವೈದ್ಯರ ಹತ್ತಿರವೂ ಒಂದು ಸಲ ಹೋಗಿ ಬನ್ನಿ. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತಹೀನತೆ ಇದ್ದರೆ, ಖಿನ್ನತೆ ಇದ್ದರೆ ಹೀಗೇ ಸುಸ್ತು, ಹೀಗೇ ನಿರಾಸಕ್ತಿ. ರಕ್ತ ಪರೀಕ್ಷೆಯಲ್ಲಿ ಸಿಗಬೇಕಾದ ಉತ್ತರವನ್ನು ರಾಜೀನಾಮೆಯಲ್ಲಿ ಹುಡುಕುವುದು ಬೇಡ.

ಹೆಜ್ಜೆ 3: ಇದ್ದಲ್ಲೇ ಒಂದನ್ನು ಸರಿಮಾಡಿ ನೋಡಿ

ತುಂಬಾ ಜನ ಈ ಹೆಜ್ಜೆ ಹಾರಿ ಹೋಗುತ್ತಾರೆ. "ಇಲ್ಲಿ ಏನೂ ಬದಲಾಗಲ್ಲ" ಅನ್ನುತ್ತಾರೆ. ಕೇಳಿ ನೋಡಿದ್ದೀರಾ ಅಂದರೆ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಪದೇ ಪದೇ ಬರುವ ಒಂದೇ ಒಂದು ಸಂಗತಿ ಆರಿಸಿಕೊಳ್ಳಿ. ಹತ್ತು ದೂರು ಹಿಡಿದುಕೊಂಡು ಹೋದರೆ ಒಂದೂ ಈಡೇರುವುದಿಲ್ಲ. ಹೀಗೆ ಹೇಳಬಹುದು: "ಸರ್, ವರದಿ ಮೂರು ಸಲ ತಿದ್ದುವುದರಲ್ಲಿ ವಾರಕ್ಕೆ ಅರ್ಧ ದಿನ ಹೋಗ್ತಿದೆ. ಶುರುಮಾಡುವ ಮೊದಲು ಹತ್ತು ನಿಮಿಷ ಕೂತು ಏನು ಬೇಕು ಅಂತ ಮಾತಾಡಿಕೊಂಡರೆ ಒಂದೇ ಸಲಕ್ಕೆ ಮುಗಿಸಬಹುದು. ಮುಂದಿನ ತಿಂಗಳು ಹೀಗೆ ಮಾಡಿ ನೋಡೋಣವಾ?" ಇದರಲ್ಲಿ ದೂರು ಇಲ್ಲ. ತೊಂದರೆ ಇದೆ, ಪರಿಹಾರ ಇದೆ, ಅವಧಿ ಇದೆ.

ಆಮಿ ರೆಸ್ನೆವ್‌ಸ್ಕಿ ಮತ್ತು ಜೇನ್ ಡಟನ್ ಅನ್ನುವ ಸಂಶೋಧಕರು 2001ರಲ್ಲಿ ಒಂದು ವಿಚಾರ ಮಂಡಿಸಿದರು. ಜನ ತಮ್ಮ ಕೆಲಸವನ್ನು ಒಳಗಿನಿಂದಲೇ ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುತ್ತಾರೆ. ಯಾವ ಕೆಲಸ ಜಾಸ್ತಿ ಮಾಡಬೇಕು, ಯಾರ ಜೊತೆ ಮಾಡಬೇಕು, ಆ ಕೆಲಸವನ್ನು ಹೇಗೆ ನೋಡಬೇಕು, ಈ ಮೂರರಲ್ಲೂ ಕೈಯಾಡಿಸಲು ಜಾಗ ಇರುತ್ತದೆ. ನಾನು ಹೊಸಬರಿಗೆ ಕಲಿಸುವ ಹೊಣೆ ನನಗೇ ಕೊಡಿ ಅಂತ ಕೇಳಿದೆ. ಯಾರಿಗೂ ಬೇಡವಾಗಿದ್ದ ಕೆಲಸ ಅದು, ತಕ್ಷಣ ಕೊಟ್ಟರು. ವರದಿಯ ವಿಷಯಕ್ಕೆ ಮಾತ್ರ ಉತ್ತರವೇ ಬರಲಿಲ್ಲ.

ಎರಡು ತಿಂಗಳು ಕೊಡಿ. ಬೇರೆ ವಿಭಾಗಕ್ಕೆ ಹೋಗುವ ದಾರಿ ಇದ್ದರೆ ಅದನ್ನೂ ಕೇಳಿ. ಬದಲಾಗದಿದ್ದರೆ ನಿಮ್ಮ ಸಮಯವೇನೂ ವ್ಯರ್ಥವಾಗಲಿಲ್ಲ. ಆಮೇಲೆ "ಇನ್ನೂ ಸ್ವಲ್ಪ ಪ್ರಯತ್ನ ಮಾಡಬೇಕಿತ್ತೇನೋ" ಅನ್ನುವ ಕೊರಗು ಇರುವುದಿಲ್ಲ.

ಹೆಜ್ಜೆ 4: ಹೊಸ ಕೆಲಸದ ಮಾಮೂಲಿ ದಿನ ನೋಡಿ

ದೂರದ ಬೆಟ್ಟ ನುಣ್ಣಗೆ. ಈ ಗಾದೆಯನ್ನು ನಾನು ಮರದ ಪುಡಿಯಲ್ಲಿ ನಿಂತು ಕಲಿತೆ.

ನನ್ನ ಕನಸು ಮರಗೆಲಸ. ಮರದ ವಾಸನೆ, ಕೈಯಲ್ಲಿ ಉಳಿ, ತಲೆ ಮೇಲೆ ಯಾರೂ ಇಲ್ಲ. ಪರಿಚಯದವರೊಬ್ಬರ ವರ್ಕ್‌ಶಾಪಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಇರಲು ಕೇಳಿಕೊಂಡೆ. ಆ ದಿನ ಅವರು ಉಳಿ ಹಿಡಿದದ್ದು ಒಂದು ಗಂಟೆಗಿಂತ ಕಡಿಮೆ. ಒಂದು ಮೇಜಿನ ಮೇಲ್ಭಾಗವನ್ನು ಸ್ಯಾಂಡ್ ಪೇಪರ್ ಹಿಡಿದು ಮೂರು ಗಂಟೆ ಉಜ್ಜಿದರು. ಮೊದಲು ಒರಟು ಕಾಗದ, ಆಮೇಲೆ ನಯವಾದದ್ದು, ಆಮೇಲೆ ಇನ್ನೂ ನಯವಾದದ್ದು. ಪ್ರತಿ ಸಲವೂ ಬೆರಳ ತುದಿಯಿಂದ ಸವರಿ ನೋಡುವುದು, ಸಣ್ಣ ಗೀರು ಸಿಕ್ಕಿದರೆ ಮತ್ತೆ ಹಿಂದಕ್ಕೆ. ನಡುವೆ ನಾಲ್ಕು ಫೋನ್, ಅದರಲ್ಲಿ ಎರಡು ಬಾಕಿ ಹಣ ಕೇಳಲು. ಸಂಜೆ ಅವರ ರೆಪ್ಪೆಯ ಮೇಲೂ ಪುಡಿ. ಅವರು ಮಾತ್ರ ಖುಷಿಯಾಗಿದ್ದರು. ಉಜ್ಜುವುದೇ ಅವರಿಗೆ ಇಷ್ಟ. ನನಗೆ ಒಂದು ಗಂಟೆಗೇ ಸಾಕಾಗಿತ್ತು.

ನಾನು ಪ್ರೀತಿಸುತ್ತಿದ್ದದ್ದು ಮುಗಿದ ಕುರ್ಚಿಯನ್ನು. ದಿನವಿಡೀ ನಡೆಯುವ ಕೆಲಸವನ್ನಲ್ಲ. ಆ ಒಂದು ದಿನ ನನಗೆ ಎರಡು ವರ್ಷ ಉಳಿಸಿತು.

ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದೂ ಇದೇ ಜಾತಿಯದು. ಒಂದು ಅನುಭವ ನಮಗೆ ಹೇಗನ್ನಿಸುತ್ತದೆ ಅಂತ ನಾವೇ ಊಹಿಸುವುದಕ್ಕಿಂತ, ಅದನ್ನು ಈಗಾಗಲೇ ಅನುಭವಿಸಿದ ಅಪರಿಚಿತರೊಬ್ಬರಿಗೆ ಹೇಗನ್ನಿಸಿತು ಅಂತ ತಿಳಿದುಕೊಂಡರೆ ಅಂದಾಜು ಹೆಚ್ಚು ಸರಿ ಬರುತ್ತದೆ. ಅಲ್ಲಿದ್ದದ್ದು ಒಂದು ಚುಟುಕು ಭೇಟಿಯಂಥ ಸಣ್ಣ ಅನುಭವ, ಆದರೂ ಪಾಠ ಇಲ್ಲಿಗೂ ಹೊಂದುತ್ತದೆ.

ಹಾಗಾಗಿ ಕನಿಷ್ಠ ಮೂವರನ್ನು ಮಾತಾಡಿಸಿ. ಒಬ್ಬರು ಆ ಕೆಲಸಕ್ಕೆ ಸೇರಿ ಎರಡು ವರ್ಷದೊಳಗಿನವರು. ಒಬ್ಬರು ಹತ್ತು ವರ್ಷ ದಾಟಿದವರು. ಇನ್ನೊಬ್ಬರು ಅದನ್ನು ಬಿಟ್ಟು ಬಂದವರು, ಇವರನ್ನು ಮಾತ್ರ ತಪ್ಪಿಸಬೇಡಿ. ಕೇಳಬೇಕಾದದ್ದು ಇಷ್ಟು:

- ಕಳೆದ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?
- ಈ ಕೆಲಸದಲ್ಲಿ ಯಾವುದನ್ನು ಯಾರೂ ಮೊದಲೇ ಹೇಳಲಿಲ್ಲ?
- ಮೊದಲ ಎರಡು ವರ್ಷ ಸಂಸಾರ ಹೇಗೆ ನಡೆಯಿತು?
- ಯಾವ ತರಹದ ಜನ ಇದನ್ನು ಬಿಟ್ಟು ಹೋಗುತ್ತಾರೆ?

"ನಿಮ್ಮ ಕೆಲಸ ಇಷ್ಟಾನಾ?" ಅಂತ ಕೇಳಬೇಡಿ. ಎಲ್ಲರೂ ಹೌದು ಅಂತಾರೆ.

ಹೆಜ್ಜೆ 5: ಬಿಡುವ ಮೊದಲು ಸಣ್ಣದಾಗಿ ಮಾಡಿ ನೋಡಿ

ಜೋಸೆಫ್ ರಾಫಿ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದಲ್ಲಿ ಸ್ವಂತ ಉದ್ಯಮಕ್ಕೆ ಇಳಿದವರನ್ನು ನೋಡಿತು. ಇದ್ದ ಕೆಲಸ ಉಳಿಸಿಕೊಂಡೇ ಶುರುಮಾಡಿ ಆಮೇಲೆ ಪೂರ್ತಿ ಇಳಿದವರ ಉದ್ಯಮ ಮುಚ್ಚಿಹೋಗುವ ಸಂಭವ, ಒಂದೇ ಸಲಕ್ಕೆ ಕೆಲಸ ಬಿಟ್ಟು ಧುಮುಕಿದವರಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಧೈರ್ಯ ಕಡಿಮೆ ಅಂತ ಕಂಡವರೇ ಜಾಸ್ತಿ ಉಳಿದರು. ನಿಧಾನವಾಗಿ ಹೋಗುವವರಿಗೆ ನಾಚಿಕೆ ಬೇಡ.

ಪ್ರಯೋಗ ಹೇಗಿರಬೇಕು? ಆರರಿಂದ ಎಂಟು ವಾರ. ಕೊನೆಗೆ ಕೈಯಲ್ಲಿ ಏನಾದರೂ ಇರಬೇಕು: ಬರೆದ ಪ್ರೋಗ್ರಾಂ, ತೆಗೆದ ಪಾಠ, ಹೊಲಿದ ಬಟ್ಟೆ. ನಿಮ್ಮ ಬಂಧು ಬಳಗದವರಲ್ಲದ ಒಬ್ಬರು ಅದನ್ನು ನೋಡಿ ಬೆಲೆ ಕಟ್ಟಬೇಕು. ಬರೀ ಕೋರ್ಸಿಗೆ ಸೇರಿದರೆ ಅದು ಪ್ರಯೋಗವಾಗುವುದಿಲ್ಲ. ಕಲಿಯುವ ಖುಷಿ ಬೇರೆ, ದುಡಿಯುವ ಖುಷಿ ಬೇರೆ. ಹೊರಗಿನ ಕೆಲಸ ಮಾಡಬಹುದೇ ಅಂತ ನಿಮ್ಮ ನೇಮಕಾತಿ ಪತ್ರದಲ್ಲಿ ಏನಿದೆ ಎಂದು ಮೊದಲು ಓದಿಕೊಳ್ಳಿ.

ನಾನು ಒಂದು ತರಬೇತಿ ಕೇಂದ್ರದಲ್ಲಿ ಆರು ಶನಿವಾರ ಲೆಕ್ಕಪತ್ರ ಕಲಿಸಿದೆ. ಎರಡನೇ ಶನಿವಾರ ಪಾಠ ಪೂರಾ ಕೆಟ್ಟಿತು. ಮನೆಗೆ ಬಂದು ರಾತ್ರಿ ಹನ್ನೊಂದರವರೆಗೆ ಕೂತು ಉದಾಹರಣೆಗಳನ್ನು ಬದಲಿಸಿದೆ. ಯಾರೂ ಹೇಳಿರಲಿಲ್ಲ. ಕೆಟ್ಟ ದಿನದ ಮಾರನೆಯ ದಿನವೂ ಅದನ್ನೇ ಮಾಡಲು ಮನಸ್ಸು ಬರುತ್ತದಾ ಅನ್ನುವುದೇ ನನ್ನ ಪ್ರಕಾರ ದೊಡ್ಡ ಪರೀಕ್ಷೆ.

ಇಲ್ಲಿ ಇನ್ನೊಂದು ಉಪಾಯವೂ ಇದೆ. ಕ್ಷೇತ್ರ ಒಂದು, ಕೆಲಸದ ಬಗೆ ಇನ್ನೊಂದು. ಎರಡನ್ನೂ ಒಟ್ಟಿಗೆ ಬದಲಿಸುವ ಬದಲು ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಬದಲಿಸಿ. ಆಸ್ಪತ್ರೆಯ ನರ್ಸ್ ಸಾಫ್ಟ್‌ವೇರ್‌ಗೆ ಹೋಗಬೇಕಾದರೆ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಡೆ ಹೋದರೆ ಹಳೆಯ ಅನುಭವಕ್ಕೂ ಬೆಲೆ ಇರುತ್ತದೆ. ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ.

ಹೆಜ್ಜೆ 6: ಹಣವನ್ನು ತಿಂಗಳುಗಳಲ್ಲಿ ಎಣಿಸಿ

ಉಳಿತಾಯ ಎಷ್ಟಿದೆ ಅನ್ನುವುದಕ್ಕಿಂತ ಅದು ಎಷ್ಟು ತಿಂಗಳು ಬರುತ್ತದೆ ಅನ್ನುವುದು ಮುಖ್ಯ. ಕಳೆದ ಆರು ತಿಂಗಳ ಖರ್ಚು ಬರೆಯಿರಿ, ಸರಾಸರಿ ತೆಗೆಯಿರಿ. ವರ್ಷಕ್ಕೊಮ್ಮೆ ಬರುವ ವಿಮೆ, ಶುಲ್ಕ, ರಿಪೇರಿಗಳನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿ. ಈಗ ಕಂಪನಿಯೇ ಕಟ್ಟುತ್ತಿರುವ ಆರೋಗ್ಯ ವಿಮೆ, ಪಿಂಚಣಿಯ ಪಾಲು ನಾಳೆ ನಿಮ್ಮ ಜೇಬಿನಿಂದ ಹೋಗಬಹುದು. ಅದನ್ನೂ ಸೇರಿಸಿ.

ಆಮೇಲೆ ಕಲಿಯಲು ಎಷ್ಟು ತಿಂಗಳು, ಕೆಲಸ ಸಿಗಲು ಎಷ್ಟು ತಿಂಗಳು ಅಂತ ಅಂದಾಜು ಮಾಡಿ. ನಾಲ್ಕು ಮತ್ತು ನಾಲ್ಕು, ಎಂಟು ಅಂದುಕೊಳ್ಳಿ. ಅದರ ಅರ್ಧ ಮತ್ತೆ ಸೇರಿಸಿ, ಹನ್ನೆರಡು. ಯಾಕೆಂದರೆ ಇಂಥ ಅಂದಾಜು ಯಾವಾಗಲೂ ಕಡಿಮೆಯೇ ಇರುತ್ತದೆ. ನಿಮ್ಮ ಹತ್ತಿರ ಏಳು ತಿಂಗಳದ್ದು ಇದ್ದರೆ ಉತ್ತರ "ಬೇಡ" ಅಂತಲ್ಲ, "ಇನ್ನೂ ಐದು ತಿಂಗಳದ್ದು ಕೂಡಿಡಬೇಕು" ಅಂತ. ಈಗಿನ ಕೆಲಸಕ್ಕೆ ಆಗ ಒಂದು ಅರ್ಥ ಬರುತ್ತದೆ. ಪ್ರತಿ ಸಂಬಳವೂ ಬಾಗಿಲಿಗೆ ಒಂದು ಹೆಜ್ಜೆ ಹತ್ತಿರ.

ಹೊಸ ಕೆಲಸದ ಮೊದಲ ಸಂಬಳ ಎಷ್ಟಿರಬಹುದೋ ಅಷ್ಟರಲ್ಲೇ ಮೂರು ತಿಂಗಳು ಈಗಲೇ ಬದುಕಿ ನೋಡಿ. ಮಿಕ್ಕಿದ್ದು ಉಳಿತಾಯಕ್ಕೆ. ಹಾಸಿಗೆ ಎಷ್ಟಿದೆ ಅಂತ ಕಾಲು ಚಾಚಿದ ಮೇಲೆಯೇ ಗೊತ್ತಾಗುವುದು. ಮನೆಯವರನ್ನೂ ಇಲ್ಲೇ ಸೇರಿಸಿಕೊಳ್ಳಿ. ತೀರ್ಮಾನ ಆದ ಮೇಲೆ ಹೇಳಿದರೆ ಅದು ಸುದ್ದಿ. ಲೆಕ್ಕದ ಹಾಳೆ ಮುಂದಿಟ್ಟುಕೊಂಡು ಹೇಳಿದರೆ ಅದು ಮಾತುಕತೆ.

ಹೆಜ್ಜೆ 7: ಕಾಲು ಹಿಡಿದು ಎಳೆಯುವುದು ಯಾವುದು?

"ಇಷ್ಟು ವರ್ಷ ಹಾಕಿದ್ದೀನಿ, ಎಲ್ಲಾ ನೀರಿಗೆ ಹೋಗುತ್ತಲ್ಲ." ಇದು ನಮ್ಮೆಲ್ಲರ ಬಾಯಲ್ಲಿ ಬರುವ ಮಾತು. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅನ್ನುವ ಸಂಶೋಧಕರು 1985ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಟಕಗಳ ಇಡೀ ಸೀಸನ್ನಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ, ಯಾವ ಕಾರಣವೂ ಇಲ್ಲದೆ, ರಿಯಾಯಿತಿ ಕೊಟ್ಟರು. ನಾಟಕಗಳು ಎಲ್ಲರಿಗೂ ಒಂದೇ. ಆದರೂ ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ದುಡ್ಡು ಕೊಟ್ಟವರೇ ಜಾಸ್ತಿ ನಾಟಕಕ್ಕೆ ಬಂದರು. ಕೊಟ್ಟ ದುಡ್ಡು ಅವರನ್ನು ಎಳೆದುಕೊಂಡು ಬಂದಿತ್ತು.

ಹಾಕಿದ ವರ್ಷಗಳು ನೀವು ಇದ್ದರೂ ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ. ಈ ಕೆಲಸ ನಿಮಗೆ ಇನ್ನೂ ಸಿಕ್ಕೇ ಇಲ್ಲ ಅಂದುಕೊಳ್ಳಿ. ಇದೇ ಸಂಬಳ, ಇದೇ ಸಾಹೇಬರು, ಇದೇ ಕುರ್ಚಿ. ಎಲ್ಲಾ ಗೊತ್ತಿದ್ದೂ ಇವತ್ತು ಅರ್ಜಿ ಹಾಕುತ್ತೀನಾ?

ಹೆಜ್ಜೆ 8: ತಾರೀಖು ಹಾಕಿ, ತೀರ್ಮಾನ ಮಾಡಿ

ಈಗ ನಿಮ್ಮ ಮುಂದೆ ಪಟ್ಟಿ ಇದೆ, ಪ್ರಯೋಗ ಇದೆ, ತಿಂಗಳ ಲೆಕ್ಕ ಇದೆ. ಇನ್ನೂ ಯೋಚಿಸುತ್ತಾ ಕೂರುವುದು ಬೇಡ. ಒಂದು ದಿನ ಗೊತ್ತು ಮಾಡಿ. ಮೊದಲೇ ಷರತ್ತು ಬರೆದಿಡಿ: "ಹನ್ನೆರಡು ತಿಂಗಳ ಖರ್ಚು ಕೂಡಿದರೆ, ಪ್ರಯೋಗದ ಕೊನೆಗೂ ಮನಸ್ಸು ಹಾಗೇ ಇದ್ದರೆ, ಬಿಡುತ್ತೇನೆ."

ಅದಕ್ಕೆ ಮೊದಲು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಒಂದು ವಿಧಾನ ಮಾಡಿ ನೋಡಿ. ಬಿಟ್ಟು ಒಂದು ವರ್ಷವಾಗಿದೆ, ಎಲ್ಲಾ ಕೆಟ್ಟುಹೋಗಿದೆ ಅಂದುಕೊಳ್ಳಿ. ಯಾಕೆ ಕೆಟ್ಟಿತು ಅಂತ ಹತ್ತು ನಿಮಿಷ ಬರೆಯಿರಿ. ಬಂದ ಕಾರಣಗಳಲ್ಲಿ ಎಷ್ಟಕ್ಕೆ ಈಗಲೇ ತಡೆ ಹಾಕಬಹುದು ನೋಡಿ. ಇರುವುದೇ ಸರಿ ಅನ್ನಿಸಿದರೆ ಅದೇ ಪ್ರಶ್ನೆಯನ್ನು ಇರುವುದಕ್ಕೂ ಕೇಳಿ. ಇದ್ದು ಐದು ವರ್ಷವಾಗಿದೆ, ಪಶ್ಚಾತ್ತಾಪವಾಗಿದೆ, ಯಾಕೆ?

ಎಲ್ಲಾ ಮಾಡಿದ ಮೇಲೂ ತಕ್ಕಡಿ ಸಮವಾಗಿ ನಿಂತರೆ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ದೊಡ್ಡ ತೀರ್ಮಾನಕ್ಕೆ ಒದ್ದಾಡುತ್ತಿದ್ದ ಜನರಿಗೆ ಆನ್‌ಲೈನ್‌ನಲ್ಲಿ ನಾಣ್ಯ ಚಿಮ್ಮಿ ಹೇಳುವ ಪ್ರಯೋಗ ಮಾಡಿದರು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಕೆಲಸ ಬಿಡುವಂಥ ದೊಡ್ಡ ವಿಷಯಗಳಲ್ಲಿ, ನಾಣ್ಯ ಹೇಳಿದ್ದಕ್ಕೆ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ ಹೆಚ್ಚು ನೆಮ್ಮದಿಯಾಗಿದ್ದೇವೆ ಅಂದರು. ಅಲ್ಲಿಗೆ ಬಂದವರು ತಾವಾಗಿಯೇ ಬಂದವರು, ಅಂಚಿನಲ್ಲಿ ನಿಂತಿದ್ದವರು. ಎಲ್ಲರಿಗೂ ಇದು ಅನ್ವಯ ಅಂತ ನಾನು ಹೇಳುವುದಿಲ್ಲ. ಆದರೆ ನೀವೂ ಅಂಚಿಗೆ ಬಂದು ನಿಂತಿದ್ದರೆ, ಲೆಕ್ಕವೂ ಸರಿ ಇದ್ದರೆ, ಬದಲಾವಣೆಯ ಕಡೆಗೇ ವಾಲಿ ಅಂತ ನನ್ನ ಸಲಹೆ.

ಹೆಜ್ಜೆ 9: ಬಿಡುವಾಗ ಮತ್ತು ಬಿಟ್ಟ ಮೇಲೆ

ಸಿಟ್ಟು ಬಂದ ದಿನ ರಾಜೀನಾಮೆ ಕೊಡಬೇಡಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಬಾಕಿ ರಜೆಗೆ ಹಣ ಬರುತ್ತದಾ, ವಿಮೆ ಯಾವತ್ತಿಗೆ ನಿಲ್ಲುತ್ತದೆ, ಇಷ್ಟನ್ನು ಕಾಗದ ನೋಡಿ ತಿಳಿದುಕೊಳ್ಳಿ. ಹೊಸ ಕೆಲಸದ ನೇಮಕಾತಿ ಪತ್ರ ಕೈಗೆ ಬರುವ ತನಕ ಇಲ್ಲಿ ಬಾಯಿ ಬಿಡಬೇಡಿ. ರಾಜೀನಾಮೆ ಪತ್ರದಲ್ಲಿ ಎರಡೇ ಸಾಲು ಸಾಕು, ಕಾರಣ ಬರೆಯಬೇಕಾಗಿಲ್ಲ. ಕೆಲಸವನ್ನು ಅಚ್ಚುಕಟ್ಟಾಗಿ ಒಪ್ಪಿಸಿ ಬನ್ನಿ.

ಕೊನೆಯದಾಗಿ, ಹೊಸ ಕೆಲಸದ ನಾಲ್ಕೈದನೇ ತಿಂಗಳಿಗೆ ಸಿದ್ಧವಾಗಿರಿ. ವೆಂಡಿ ಬಾಸ್‌ವೆಲ್ ಅನ್ನುವ ಸಂಶೋಧಕರು ಮತ್ತು ಜೊತೆಯವರು 2005ರಲ್ಲಿ ದೊಡ್ಡ ಹುದ್ದೆಗಳಲ್ಲಿದ್ದವರನ್ನು ನೋಡಿ ಹೇಳಿದ್ದು ಇದು: ಕೆಲಸ ಬದಲಿಸಿದ ಕೂಡಲೇ ಸಂತೋಷ ಏರುತ್ತದೆ, ಆಮೇಲೆ ಇಳಿಯುತ್ತದೆ. ಇಳಿದಾಗ "ಇಲ್ಲೂ ತಪ್ಪು ಮಾಡಿಬಿಟ್ಟೆ" ಅಂತ ಗಾಬರಿಯಾಗುವುದು ಸಹಜ. ಹೊಸ ಕೆಲಸದ ಬಗ್ಗೆ ಒಂದು ವರ್ಷ ಕಳೆಯುವ ತನಕ ತೀರ್ಪು ಕೊಡಬೇಡಿ.

ಕೆಲಸ ಬಿಟ್ಟು ಕಲಿಸುವ ವೃತ್ತಿ ಹಿಡಿದ ನನಗೆ ಆ ಗಾಬರಿ ಐದನೇ ತಿಂಗಳಲ್ಲಿ ಬಂತು. ಉತ್ತರ ಪತ್ರಿಕೆಗಳ ರಾಶಿ, ಗಂಟಲು ನೋವು, ಕೈಗೆ ಬರುವ ಹಣ ಮೊದಲಿಗಿಂತ ಕಡಿಮೆ. ಹಳೆಯ ನೋಟ್‌ಬುಕ್ ತೆಗೆದು ಮತ್ತೆ ಮೂರು ವಾರ ಬರೆದೆ, ಅದೇ ನಾಲ್ಕು ಗುಂಪು ಮಾಡಿ. ಕೆಟ್ಟ ಗಳಿಗೆಗಳು 12. ಹೆಚ್ಚಿನವು ವ್ಯವಸ್ಥೆಯ ಕೆಳಗೆ ಬಿದ್ದವು. ಒಳ್ಳೆಯದರ ಕಡೆ ಬರೆಯಲು ಪುಟ ಸಾಲದೆ ಹಿಂದಿನ ರಟ್ಟಿನ ಮೇಲೂ ಬರೆದಿದ್ದೆ.